ಕವುಚಿದ ಬಟ್ಟಲು

ಅಮ್ಮನಿಗೆ ಬುದ್ಧಿ ಸ್ವಲ್ಪ ಕಡಿಮೆ ಎಂದು ನಾನು ಮೂರನೆಯ ವಯಸ್ಸಿನಲ್ಲೇ ತೀರ್ಮಾನಿಸಿದ್ದೆ. ಸಾಕ್ಷ್ಯಕ್ಕೇನೂ ಕೊರತೆಯಿರಲಿಲ್ಲ. ಎಡಗಾಲಿಗೆ ಬಲದ ಚಪ್ಪಲಿ ತೊಡಿಸುತ್ತಿದ್ದಳು, ಚಮಚದಲ್ಲಿ ನನ್ನ ತಲೆ ಬಾಚಲು ಬರುತ್ತಿದ್ದಳು, ಗಂಜಿಗೆ ಬಟ್ಟಲನ್ನು ಕವುಚಿ ಇಡುತ್ತಿದ್ದಳು.

ಹುಟ್ಟಿನಿಂದಲೇ ನನಗೆ ಕಿವಿ ಮಂದ. ಎರಡೂ ಕಿವಿಗೆ ಶ್ರವಣಯಂತ್ರ ಬಂದ ಮೇಲೆ ಕೇಳಿಸತೊಡಗಿತು. ಮಾತು ಮಾತ್ರ ಹೊರಡಲಿಲ್ಲ. ಬೆರಳು ತೋರಿಸಿದರೆ ಎಲ್ಲವೂ ಕೈಗೆ ಬರುತ್ತಿತ್ತು, ಮತ್ತೆ ಮಾತೇಕೆ? ಕದ್ರಿಯಲ್ಲಿ ನನಗೆ ಮಾತು ಕಲಿಸುತ್ತಿದ್ದ ಟೀಚರ್ ಅಮ್ಮನಿಗೆ ಹೇಳಿದರಂತೆ: "ಬೇಕಂತಲೇ ತಪ್ಪು ಮಾಡಿ. ಮಾಡಿ ಸುಮ್ಮನೆ ಹತ್ತು ಎಣಿಸಿ. ಅವಳಿಗೆ ತಡೆಯಲಾಗದೆ ಸ್ವರ ಬರಬೇಕು. ಬರದಿದ್ರೆ ನೀವೇ ಹೇಳಿ ತೋರಿಸಿ, ಮತ್ತೆ ಸರಿ ಮಾಡಿ. ಈ ವಯಸ್ಸು ದಾಟಿದ್ರೆ ಕಷ್ಟ ಉಂಟು."

ಬೋಳಾರದ ನಮ್ಮ ಮನೆಯಲ್ಲಿ ಇದಕ್ಕೆ ವಿರೋಧ ಪಕ್ಷವೆಂದರೆ ಅಮ್ಮನ ಅಮ್ಮ, ನನ್ನ ಅಜ್ಜಿ. ಮೀನು ಮಾರಿ ಬಂದವರೇ ನನ್ನ ಬಟ್ಟಲನ್ನು ನೆಟ್ಟಗೆ ಮಾಡಿಬಿಡುತ್ತಿದ್ದರು.

"ಮಗು ಹಸಿದು ಕೂತಿದೆ, ನಿನ್ನದೆಂತ ನಾಟಕ ಮಾರಾಯ್ತಿ?"

"ಅಮ್ಮ, ಆರು ಆದದ್ದಷ್ಟೆ. ಹತ್ತು ಆಗ್ಲಿ."

ಹೀಗೆ ತಿಂಗಳುಗಟ್ಟಲೆ. ಒಂದು ಮಧ್ಯಾಹ್ನ ನಾನು ಬಟ್ಟಲನ್ನು ಸರಿಮಾಡಿದೆ, ಅಮ್ಮ ಕವುಚಿದಳು. ಮತ್ತೆ ಸರಿಮಾಡಿದೆ, ಮತ್ತೆ ಕವುಚಿದಳು. ಈ ಸಲ ಒಂದು ಸೌಟು ತಣ್ಣಗಿನ ಗಂಜಿಯನ್ನು ಅದರ ಬೆನ್ನ ಮೇಲೆ ಸುರಿದೇಬಿಟ್ಟಳು. ಗಂಜಿ ನನ್ನ ತೊಡೆಗೆ ಇಳಿಯಿತು.

"ಅತ್ತ್," ಎಂದೆ. 'ಅಲ್ಲ' ಎನ್ನುವುದಕ್ಕೆ ನಮ್ಮ ತುಳು.

ಬಟ್ಟಲಿಗೆ ಚಾಚಿದ್ದ ಕೈಯನ್ನು ಅಜ್ಜಿ ಹಿಂದಕ್ಕೆಳೆದುಕೊಂಡರು. "ಇನ್ನೊಂದು ಸೌಟು ಹಾಕು, ನೋಡುವ" ಎಂದರು.

ನನ್ನ ಮೊದಲ ಮಾತೇ ಆಕ್ಷೇಪ. ಈಗ ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ಅದೇ ನನ್ನ ಕಸುಬು. ಮೊನ್ನೆ ಕದ್ರಿಗೆ ಹೋದಾಗ ಟೀಚರನ್ನೂ ಬಿಡಲಿಲ್ಲ.

"ನೀವು ಹೇಳಿಕೊಡದಿದ್ರೂ ನಾನು ಹೇಗೂ ಮಾತಾಡ್ತಿದ್ದೆ ಟೀಚರ್. ನಿಮ್ಮ ಉಪಾಯದಿಂದಲೇ ಅಂತ ಎಂತ ಸಾಕ್ಷಿ ಉಂಟು?"

"ನನ್ನಲ್ಲಿ ಎಂತ ಸಾಕ್ಷಿಯೂ ಇಲ್ಲ. ನಾನು ವಾರಕ್ಕೆ ಒಂದು ಗಂಟೆ ಕೂತವಳು. ಉಳಿದ ಹೊತ್ತಿನದ್ದು ನಿನ್ನ ಅಮ್ಮನಲ್ಲಿ ಕೇಳು."

ಕೇಳಿದೆ. ಅಮ್ಮ ಬಂಗುಡೆ ಮೀನು ಶುಚಿ ಮಾಡುತ್ತಿದ್ದಳು. ತಪ್ಪು ಮಾಡುವುದೇನೂ ಕಷ್ಟವಿರಲಿಲ್ಲವಂತೆ.

"ಹತ್ತು ಎಣಿಸುವಷ್ಟು ಹೊತ್ತು ನೀನು ನನ್ನನ್ನು ಪೆದ್ದಿಯನ್ನು ನೋಡಿದ ಹಾಗೆ ನೋಡ್ತಿದ್ದಿ ಅಲ್ವಾ? ಅದು ಕಷ್ಟ ಆಗ್ತಿತ್ತು."

ಅಂದರೆ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ದಿನಾ ಬಟ್ಟಲು ಕವುಚಿದಳು. ಮೂರನೆಯ ವಯಸ್ಸಿನ ಆ ತೀರ್ಮಾನವನ್ನು ಹಿಂತೆಗೆದುಕೊಂಡಿದ್ದೇನೆ ಎಂದು ಅವಳಿಗೆ ಹೇಳಿದೆ, ಪಕ್ಕದಲ್ಲಿ ಕೂತು ಉಳಿದ ಬಂಗುಡೆಗೆ ಕೈಹಾಕಿದೆ.