ಗಾಜಿನಾಚೆ ಕೇಳಿದ ‘ಹೋಗ್ತೇನಿ’

ಸಿಂದಗಿಯಲ್ಲಿ ನಾನು ಕೆಲಸ ಮಾಡುವ ಸ್ಕ್ಯಾನ್ ಕೋಣೆಗೆ ಒಂದು ದಪ್ಪ ಗಾಜಿನ ಕಿಟಕಿ ಇದೆ. ಪೇಷಂಟು ಆ ಕಡೆ, ನಾವು ಈ ಕಡೆ, ನಡುವೆ ಮೈಕು. ತುಟಿ ಅಲ್ಲಾಡುವುದು ಅಷ್ಟು ದೂರದಲ್ಲಿ, ದನಿ ಮಾತ್ರ ನಮ್ಮ ಕಿವಿಯ ಪಕ್ಕದಲ್ಲೇ ಕೇಳುತ್ತದೆ. ಹೊಸದಾಗಿ ಕಲಿಯಲು ಬಂದವರು ಆ ದನಿ ಕೇಳಿದಾಗಲೆಲ್ಲ ಹಿಂದೆ ತಿರುಗಿ ನೋಡುತ್ತಾರೆ. “ಹಿಂದ ಯಾರೂ ಇಲ್ಲಲೇ, ಮುಂದ ನೋಡ್ರಿ” ಎಂದು ನಾನು ಬೈಯುತ್ತೇನೆ. ದೆವ್ವ ಭೂತ ಎಂದರೆ ನನಗೆ ಮೊದಲಿನಿಂದಲೂ ಅಸಡ್ಡೆ. ಆ ಕೋಣೆಯ ಚಳಿ ಎಸಿಯದು, ಗುಂಯ್ ಎನ್ನುವ ಸದ್ದು ಯಂತ್ರದ್ದು. ಹಾಗೆಂದು ವರ್ಷಗಟ್ಟಲೆ ಹೇಳಿಕೊಂಡು ಬಂದವಳು ನಾನು.

ಎಕ್ಸ್-ರೇ, ಸ್ಕ್ಯಾನ್ ಕಲಿಯುವವರ ಕೈ ಪಳಗಿಸುವುದು ನನ್ನ ಕೆಲಸ. ಅದರಲ್ಲೂ ಡೈ ಕೊಡುವ ಪಾಠ ಬಂದರೆ ನಾನು ಅವರನ್ನು ಗೋಳು ಹೊಯ್ದುಕೊಳ್ಳುತ್ತೇನೆ. ಡೈ ಎಂದರೆ ರಕ್ತನಾಳಕ್ಕೆ ಬಿಡುವ ಔಷಧ. ಅದು ಹರಿದಲ್ಲೆಲ್ಲ ಒಳಗಿನ ಅಂಗಗಳು ಚಿತ್ರದಲ್ಲಿ ಬೆಳ್ಳಗೆ ಎದ್ದು ಕಾಣುತ್ತವೆ. ಬಹಳ ಜನಕ್ಕೆ ಏನೂ ಆಗುವುದಿಲ್ಲ. ಎಲ್ಲೋ ಒಬ್ಬರ ಮೈಗೆ ಒಗ್ಗದೆ ಹೋಗುತ್ತದೆ, ಆಗ ಉಳಿಸಿಕೊಳ್ಳಲು ಸಿಗುವ ಹೊತ್ತು ತೀರಾ ಕಡಿಮೆ.

ಇಂಡಿಯಿಂದ, ಮುದ್ದೇಬಿಹಾಳದಿಂದ ಬಂದ ಹುಡುಗರು “ಅಲರ್ಜಿ ಐತೇನ್ರಿ?” ಎಂದು ಗಿಣಿಪಾಠ ಒಪ್ಪಿಸುತ್ತಾರೆ. ಹಳ್ಳಿಯವರು ಅರ್ಥವಾಗದಿದ್ದರೂ “ಇಲ್ರಿ” ಎಂದುಬಿಡುತ್ತಾರೆ. ಅದಕ್ಕೆ ನಾನು ಬೇರೆ ಮಾತು ಕಲಿಸಿದ್ದೇನೆ. “ಮೈಮ್ಯಾಲೆ ಪಿತ್ತದ ಗಂದಿ, ದದ್ದು ಏಳ್ತಾವೇನ್ರಿ? ದಮ್ಮು ಐತೇನ್ರಿ? ಹಿಂದ ಇಂಥಾ ಸೂಜಿ ಮಾಡಿದಾಗ ತ್ರಾಸ ಆಗಿತ್ತೇನ್ರಿ?” ಡೈ ಹರಿದಾಗ ಏನಾಗುತ್ತದೆ ಎಂಬುದನ್ನೂ ಮೊದಲೇ ಹೇಳಿಬಿಡಬೇಕು: “ಮೈಯೆಲ್ಲಾ ಬೆಚ್ಚಗ ಆಕ್ಕೈತಿ, ಒಂದಕ್ಕ ಹೋದಂಗ ಅನಸ್ತೈತಿ, ಹೋಗಿರೂದಿಲ್ಲ, ಅಂಜಬ್ಯಾಡ್ರಿ.”

ಆ ಸಲದ ತಂಡದಲ್ಲಿ ಬಸವನ ಬಾಗೇವಾಡಿ ಹತ್ತಿರದ ಇಂಗಳೇಶ್ವರದ ಒಬ್ಬಳು ಹುಡುಗಿ ಇದ್ದಳು. ಯಾವುದನ್ನೂ ಸುಮ್ಮನೆ ಒಪ್ಪುವವಳಲ್ಲ. ಒಂದು ದಿನ ಪಾಠದಲ್ಲಿ ಹೇಳಿದೆ: ಡೈ ಒಗ್ಗದಿದ್ದಾಗ ಕೆಲವರಿಗೆ ಮೈ ಉಬ್ಬುವ ಮೊದಲೇ, ದಮ್ಮು ಕಟ್ಟುವ ಮೊದಲೇ, ಸಾವು ಬಂದ ಹಾಗೆ ಅನಿಸುತ್ತದೆ. ಹಾಗೆಂದು ಬಾಯಿಬಿಟ್ಟು ಹೇಳಿದರೆ ನಂಬಿ, ನಗಬೇಡಿ.

ಅವಳು ಕೈ ಎತ್ತಿದಳು. “ಮೇಡಮ್ಮರ, ನಮ್ಮ ಕಡೆ ಸೂಜಿ ಚುಚ್ಚಿದ್ರೂ ಸತ್ನೆಪಾ ಅಂತಾರ, ಬಸ್ ತಪ್ಪಿದ್ರೂ ಸತ್ನೆಪಾ ಅಂತಾರ. ಯಾವುದ ನಂಬೂದ್ರಿ?”

ಎಲ್ಲರೂ ನಕ್ಕರು, ನಾನೂ ನಕ್ಕೆ. “ಕಿವಿಗೊಟ್ಟು ಕೇಳು, ತಿಳೀತೈತಿ” ಎಂದು ಜಾರಿಕೊಂಡೆ.

ಸ್ವಲ್ಪ ದಿನಕ್ಕೆ ಕನ್ನೊಳ್ಳಿಯಿಂದ ಒಬ್ಬ ಹೆಂಗಸು ಹೊಟ್ಟೆನೋವೆಂದು ಸ್ಕ್ಯಾನಿಗೆ ಬಂದಳು. ನಡುವಯಸ್ಸು, ಗಟ್ಟಿ ಬಾಯಿ. “ತೊಗರಿ ರಾಶಿ ಬಿಟ್ಟ ಬಂದೇನಿ, ಲಗೂನ ಮಾಡ್ರಿ” ಎಂದು ಬಂದವಳೇ ನಮಗೆ ಜೋರು ಮಾಡಿದಳು. ಹುಡುಗಿ ಕೇಳಬೇಕಾದ್ದನ್ನೆಲ್ಲ ಕೇಳಿದಳು. ಪಿತ್ತವಿಲ್ಲ, ದಮ್ಮಿಲ್ಲ, ರಕ್ತ ಪರೀಕ್ಷೆಯೂ ಸರಿ ಇತ್ತು. ಸೂಜಿ ಚುಚ್ಚಿದಾಗ ಹೆಂಗಸು “ಸತ್ನ್ಯೋ ಯವ್ವಾ!” ಎಂದು ಚೀರಿದ್ದು ಹೊರಗಿನ ಬೆಂಚಿನವರೆಗೂ ಕೇಳಿರಬೇಕು. ಹುಡುಗಿ ನನ್ನತ್ತ ನೋಡಿ ನಗು ನುಂಗಿದಳು.

ಪಂಪು ಡೈ ತಳ್ಳಲು ಶುರುಮಾಡಿತು. ಡೈ ಸೋರಿ ತೋಳು ಉಬ್ಬುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಹುಡುಗಿ ಹೊರಬಂದು ಬಾಗಿಲು ಹಾಕಿದಳು. ಒಳಗೆ ಆ ಹೆಂಗಸು ಒಬ್ಬಳೇ.

ಆಗ ಮೈಕಿನಲ್ಲಿ ದನಿ ಬಂತು. ಚೀರಾಟವಿಲ್ಲ, ಗಾಬರಿಯಿಲ್ಲ. ಹೊಸ್ತಿಲಾಚೆ ನಿಂತು ಕರೆದವರಿಗೆ ಉತ್ತರ ಕೊಡುವ ಹಾಗೆ, ಮೆಲ್ಲಗೆ.

“ಹೂಂ… ಹೋಗ್ತೇನಿ.”

ನಮಗೆ ಹೇಳುತ್ತಿದ್ದಾಳೆಂದುಕೊಂಡು ನಾನು ಮೈಕಿನ ಗುಂಡಿ ಒತ್ತಿದೆ. “ಇನ್ನ ಮುಗದಿಲ್ರಿ, ಅಲ್ಲಾಡಬ್ಯಾಡ್ರಿ.” ಅವಳು ನನಗಲ್ಲ, ಬೇರೆ ಯಾರಿಗೋ ಎಂಬಂತೆ ಮತ್ತೆ ಅಂದಳು: “ಹೋಗ್ತೇನಿ.”

ಹುಡುಗಿ ಹಿಂದೆ ತಿರುಗಿ ನೋಡಿದಳು. ನಾನು ಬೈಯಲಿಲ್ಲ, ನನಗೂ ತಿರುಗಿ ನೋಡಬೇಕೆನಿಸಿತ್ತು.

“ಮೇಡಮ್ಮರ, ಹೋಗ್ತೇನಿ ಅನ್ನಾಕತ್ತಾರ್ರಿ” ಎಂದಳು. “ನಮ್ಮಲ್ಲಿ ಹೋಗೂವಾಗೂ ಬರ್ತೇನಿ ಅಂತಾರ. ಬರೇ ಹೋಗ್ತೇನಿ ಅಂತ ಯಾರೂ ಅನ್ನಂಗಿಲ್ರಿ.”

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಪಂಪು ನಿಲ್ಲಿಸಿ, “ಡಾಕ್ಟರ್!” ಎಂದು ಕೂಗುತ್ತ ಒಳಗೆ ನುಗ್ಗಿದ್ದಳು. ನಾನು ತುರ್ತು ಔಷಧದ ತಟ್ಟೆ ಎತ್ತಿಕೊಂಡು ಹಿಂದೆ ಓಡಿದೆ. ಹೆಂಗಸು ಶಾಂತವಾಗಿ ಮಲಗಿದ್ದಳು, ಮುಖದಲ್ಲಿ ಸಣ್ಣ ನಗು ಕೂಡ ಇತ್ತು. ಆದರೆ ಅಂಗೈಯನ್ನು ಪರಪರ ಕೆರೆದುಕೊಳ್ಳುತ್ತಿದ್ದಳು, ಕುತ್ತಿಗೆಯ ಮೇಲೆ ದದ್ದು ಏಳುತ್ತಿತ್ತು. ಪಕ್ಕದ ಕೋಣೆಯಿಂದ ಡಾಕ್ಟರು ಬಂದವರೇ ತೊಡೆಗೆ ಅಡ್ರಿನಲಿನ್ ಚುಚ್ಚಿದರು. ನಾನು ಆಕ್ಸಿಜನ್ ಹಾಕಿದೆ, ಸಲಾಯಿನ್ ಬಿಟ್ಟೆ. ಬಿಪಿ ಇಳಿಯುತ್ತಲೇ ಇತ್ತು. ರಕ್ತ ಎದೆಯ ಕಡೆ ಬರಲಿ ಎಂದು ಹುಡುಗಿ ಆಕೆಯ ಎರಡೂ ಕಾಲು ಎತ್ತಿ ಹಿಡಿದು ನಿಂತಳು.

ಹೆಂಗಸಿನ ಕಣ್ಣು ಹುಡುಗಿಯ ಹೆಗಲಾಚೆ ನೆಟ್ಟಿತ್ತು. ಅಲ್ಲಿ ಇದ್ದದ್ದು ಬೋಳು ಗೋಡೆ.

“ದಾರಿ ಬಿಡ ತಂಗಿ” ಎಂದಳು. “ಅವರು ಕಾಯಾಕತ್ತಾರ.”

ಸುಳ್ಳು ಯಾಕೆ ಹೇಳಲಿ, ನನಗೆ ಭಯವಾಯಿತು. ಮಂಚದ ಪಕ್ಕದಲ್ಲಿದ್ದ ನಾನು ಒಂದಿಷ್ಟು ಸರಿದು ಜಾಗ ಬಿಟ್ಟೆ. ಯಾರಿಗೆ ಬಿಟ್ಟೆ ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ.

ಹುಡುಗಿ ಸರಿಯಲಿಲ್ಲ. ತಿರುಗಿಯೂ ನೋಡದೆ, ಕಾಲುಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, “ಬಿಡೂದಿಲ್ರಿ” ಎಂದಳು. ಆ ಮಾತು ಮಂಚದ ಮೇಲಿದ್ದವಳಿಗೆ ಹೇಳಿದಂತೆ ನನಗೆ ಕೇಳಿಸಲಿಲ್ಲ.

ಡಾಕ್ಟರು ಇನ್ನೊಂದು ಸಲ ಚುಚ್ಚಿದರು. ನಾವು ಬಿಪಿಯ ಪರದೆಯನ್ನೇ ನೋಡುತ್ತ ನಿಂತೆವು. ಬಿಪಿ ನಿಧಾನಕ್ಕೆ ಏರತೊಡಗಿತು. ಆಮೇಲೆ ಹೆಂಗಸು ಕಣ್ಣು ಪಿಳಿಪಿಳಿ ಬಿಟ್ಟು ನಮ್ಮನ್ನೆಲ್ಲ ನೋಡಿ ಸಿಡುಕಿದಳು: “ಏನ ಥಂಡಿ ಐತಿ ಇಲ್ಲೆ! ಸಾಯಾಕತ್ತೇನಿ, ಏನಾರ ಹೊಚ್ಚರಿ!”

ಆ “ಸಾಯಾಕತ್ತೇನಿ” ಕೇಳಿ ಹುಡುಗಿ ಗೊಳ್ಳನೆ ನಕ್ಕಳು, ನಕ್ಕು ನಕ್ಕು ಅತ್ತೇಬಿಟ್ಟಳು. ನಾನು ಎರಡು ಕಂಬಳಿ ಹೊದಿಸಿದೆ.

ಇಡೀ ದಿನ ಆಕೆಯನ್ನು ವಾರ್ಡಿನಲ್ಲಿಟ್ಟು ನೋಡಿಕೊಂಡರು. ಇನ್ನು ಮುಂದೆ ಎಲ್ಲೇ ಹೋದರೂ ಈ ಡೈ ನನಗೆ ಆಗಿಬರುವುದಿಲ್ಲ ಎಂದು ಮೊದಲು ಹೇಳಬೇಕೆಂದು ಹುಡುಗಿ ಮತ್ತೆ ಮತ್ತೆ ಹೋಗಿ ಬಾಯಿಪಾಠ ಮಾಡಿಸಿದಳು. ಮರುದಿನ ಮನೆಗೆ ಬಿಟ್ಟಾಗ ಆಕೆ ತೊಗರಿಯ ಚಿಂತೆ ಮಾಡುತ್ತ ನಮ್ಮ ಕಡೆಗೇ ನಡೆದುಬಂದಳು. ಹುಡುಗಿಯ ಗಲ್ಲ ಹಿಡಿದು ಮುದ್ದಿಸಿದಳು. ಆಮೇಲೆ, ಬಾಗಿಲು ತೆರೆದಿದ್ದ ಸ್ಕ್ಯಾನ್ ಕೋಣೆಯ ಮುಂದೆ ನಿಂತು, ಸೆರಗು ತಲೆಯ ಮೇಲೆ ಎಳೆದುಕೊಂಡಳು. ಒಳಗೆ ಯಾರೂ ಇರಲಿಲ್ಲ.

“ಬರ್ತೇನ್ರಿ” ಎಂದಳು.

“ಹೂಂ, ಬರ್ರಿ, ಹುಷಾರ” ಎಂದೆ ನಾನು.

ಆಕೆ ನನ್ನತ್ತ ತಿರುಗಿದಳು. “ನಿಮಗಲ್ರಿ ಯವ್ವಾ” ಎಂದಳು.

ಹುಡುಗಿ ಹೋಗಿ ಬಾಗಿಲು ಮುಚ್ಚಿದಳು.