ಗುಡ್ಡದ ಅರ್ಧದಾರಿ

ಲೊವೆಚ್ ಪೇಟೆಯ ಬೇಕರಿಯಲ್ಲಿ ಸ್ತೊಯಾಂಕಾ ಇಪ್ಪತ್ತೆರಡು ವರ್ಷಗಳಿಂದ ಬನಿತ್ಸಾ ಎಂಬ, ಚೀಸು ತುಂಬಿದ ಪದರದ ತಿಂಡಿ ಬೇಯಿಸುತ್ತಿದ್ದಳು. ತಟ್ಟೆಯ ಅಂಚಿಗೆ ಕರಕಲಾಗಿ ಅಂಟಿದ ಚೀಸಿನ ಚೂರುಗಳೆಲ್ಲ ಅವಳ ಪಾಲು. ತಂಗಿ ದೊಚ್ಕಾಳ ಎರಡೂ ಕಿಡ್ನಿ ಕೆಟ್ಟಾಗ, ತನ್ನದೊಂದನ್ನು ಕೊಡುತ್ತೇನೆಂದು ಅವಳೇ ಮುಂದೆ ಬಂದಳು. ರಕ್ತವೇನೋ ಹೊಂದಿತು. "ತೊಂಬತ್ತಾರು ಕಿಲೋ ಇದ್ದೀರಿ. ಎಂಬತ್ತರ ಒಳಗೆ ಬಂದ್ರೆ ಮಾತ್ರ ಆಪರೇಷನ್" ಎಂದರು ಡಾಕ್ಟರು.

ಎಂಟು ತಿಂಗಳು ಅವಳು ಬನಿತ್ಸಾ ಮುಟ್ಟಲಿಲ್ಲ. ಕೆಲಸ ಮುಗಿಸಿ ನದಿದಂಡೆಯುದ್ದಕ್ಕೂ ನಡೆದಳು. ಎಪ್ಪತ್ತೊಂಬತ್ತಕ್ಕೆ ಇಳಿದಳು.

"ಅಕ್ಕಾ, ಸಾಕು ಮಾರಾಯ್ತಿ! ಹೀಗೇ ಕರಗಿದ್ರೆ ಕೊನೆಗೆ ಆ ಕಿಡ್ನಿ ಒಂದೇ ಉಳಿಯತ್ತೆ" ಎಂದು ದೊಚ್ಕಾ ನಗುತ್ತಿದ್ದಳು.

ಆಪರೇಷನ್ನಿಗೆ ಇನ್ನು ಒಂಬತ್ತು ದಿನವಿತ್ತು. ದೊಚ್ಕಾಳಿಗೆ ಸೋಂಕು ತಗಲಿ ಜ್ವರ ಏರಿತು. ನಾಲ್ಕನೆಯ ದಿನ ಹೋಗಿಬಿಟ್ಟಳು.

ತಂಗಿಯನ್ನು ಮಣ್ಣು ಮಾಡಿದ ದಿನ ಸ್ತೊಯಾಂಕಾ ಗುಡ್ಡದ ಮೇಲಿನ ಸ್ಮಶಾನಕ್ಕೆ ಎಲ್ಲೂ ನಿಲ್ಲದೆ ಹತ್ತಿದ್ದಳು. ಮರುದಿನ ಬೇಕರಿಯಲ್ಲಿ ನಿಂತೇ ಒಂದು ತಟ್ಟೆ ಬನಿತ್ಸಾ ತಿಂದಳು. ಹಸಿವೇನೂ ಇರಲಿಲ್ಲ. ಆಮೇಲೆ ದಿನವೂ ತಿಂದಳು.

ಸಾವಿಗೆ ಆರು ತಿಂಗಳು ತುಂಬಿದ ದಿನ ತಂಗಿಯ ಗಂಡ ಕಿರಿಲ್, ಊರಿನ ರೂಢಿಯಂತೆ ದೊಚ್ಕಾಳ ಫೋಟೋ ಇದ್ದ ಹೊಸ ಶೋಕಪತ್ರವನ್ನು ಮನೆಬಾಗಿಲಿಗೆ ಅಂಟಿಸಿ, ಸ್ತೊಯಾಂಕಾಳನ್ನು ಕರೆದುಕೊಂಡು ಸ್ಮಶಾನಕ್ಕೆ ಹೊರಟ. ಅರ್ಧದಾರಿಯಲ್ಲೇ ಅವಳ ಉಸಿರು ಕಟ್ಟಿತು. ಮೋಟುಗೋಡೆಯ ಮೇಲೆ ಕುಸಿದು ಕುಳಿತಳು.

"ನೀನು ಹೋಗಪ್ಪ. ನನ್ ಕೈಲಾಗಲ್ಲ."

ಸಮಾಧಿಯ ಮುಂದಿಡಲು ತಂದಿದ್ದ ಬೇಯಿಸಿದ ಗೋಧಿ, ವೈನು ಹಿಡಿದು ಅವನು ಒಬ್ಬನೇ ಹೋದ. ಇಳಿದು ಬಂದಾಗ ಅವಳು ಅಲ್ಲೇ ಕುಳಿತು ಅಳುತ್ತಿದ್ದಳು. "ನಿನ್ ಪರವಾಗೂ ಒಂದು ಮೇಣದಬತ್ತಿ ಹಚ್ಚಿದೀನಕ್ಕ" ಎಂದ. ಅದೇ ಅವಳಿಗೆ ಚುಚ್ಚಿತು.

ಮರುದಿನ, ಹಿಂದೆ ಪ್ರತಿ ಮಂಗಳವಾರ ತನ್ನನ್ನು ತೂಗುತ್ತಿದ್ದ ನರ್ಸ್ ತೊದೋರ್ಕಾಳ ಮುಂದೆ ಹೋಗಿ ನಿಂತಳು. ಮುಳ್ಳು ತೊಂಬತ್ತಕ್ಕೆ ಬಂದು ನಿಂತಿತು.

"ಹನ್ನೊಂದು ಕಿಲೋ ವಾಪಸ್ ಬಂದಿದೆ" ಎಂದಳು ತೊದೋರ್ಕಾ.

"ಬರೀಬೇಡಮ್ಮ. ಇನ್ಯಾರಿಗೋಸ್ಕರ ಇಳಿಸ್ಲಿ?"

ತೊದೋರ್ಕಾ ಹೊಸ ಕಾರ್ಡು ತೆಗೆದು ಹೆಸರು ಬರೆದಳು. "ಮಂಗಳವಾರ ಬಾ. ಸುಮ್ನೆ ಬಾ, ಅಷ್ಟೇ."

ಮತ್ತೆ ಶುರುಮಾಡುವುದು ಮೊದಲಿಗಿಂತ ಕಷ್ಟವಾಗಿತ್ತು. ಆಗ ಕಾಯುವವಳೊಬ್ಬಳಿದ್ದಳು. ಈಗ ಬೇಕರಿಯಿಂದ ಹೊರಟು ಗುಡ್ಡದ ದಾರಿಯಲ್ಲಿ ಆದಷ್ಟು ದೂರ ಹತ್ತಿ, ತಿರುಗಿ ಬರುತ್ತಿದ್ದಳು. ಕ್ರಿಸ್‌ಮಸ್ ವಾರದಲ್ಲಿ ಎರಡು ಕಿಲೋ ಏರಿತು. ಆ ಮಂಗಳವಾರ ನಾಚಿಕೆಯಿಂದ ಹೋಗಲಿಲ್ಲ. ಅದರ ಮುಂದಿನ ವಾರ ಹೋದಳು.

ಮಾರ್ಚಿನಲ್ಲಿ ಹಿಮ ಕರಗಿದ ಮೇಲೆ, ಎಂಬತ್ತನಾಲ್ಕು ಕಿಲೋದ ಸ್ತೊಯಾಂಕಾ ಮೂರು ಸಲ ನಿಂತು, ಸಮಾಧಿಯ ತನಕ ಹತ್ತಿದಳು.

"ಬಂದೆ ಕಣೆ" ಎಂದಳು.

ಏದುಸಿರಿನ ನಡುವೆ ಕೈ ತಾನಾಗಿ ಪಕ್ಕೆಗೆ ಹೋಯಿತು. ಕೊಡಬೇಕೆಂದಿದ್ದದ್ದು ಅಲ್ಲೇ, ಅವಳೊಳಗೇ ಇತ್ತು. ಕಲ್ಲಿನ ಮೇಲಿನ ಒದ್ದೆ ಎಲೆಗಳನ್ನು ಒಂದೊಂದಾಗಿ ಹೆಕ್ಕಿದಳು. ನಾಳೆ ಮಂಗಳವಾರ.