ಬಿಕ್ಕಳಿಸಿ ಗೆದ್ದ ತೆಲ್ಲೆರ್ವೊ

ತೆಲ್ಲೆರ್ವೊ ಹಕ್ಕರಾಯಿನೆನ್ ಮೊದಲ ಸಲ ಪಿಸ್ತೂಲು ಹಿಡಿದದ್ದು ಬೇಜಾರು ಕಳೆಯಲು. ಗಂಡ ತಾಯಿಸ್ತೊ ಭಾನುವಾರ ಬಂತೆಂದರೆ ವಾರ್ಕೌಸ್ ಪಟ್ಟಣದ ಶೂಟಿಂಗ್ ಕ್ಲಬ್ಬಿಗೆ ಓಡುತ್ತಿದ್ದ. ಕಾಫಿ ಕಾಸಲು ಜನವಿಲ್ಲವೆಂದು ಒಮ್ಮೆ ಅವಳನ್ನೂ ಎಳೆದುಕೊಂಡು ಹೋದ. ನೀರು ಕುದಿಯುವ ಲಕ್ಷಣ ಕಾಣದಾದಾಗ, "ಕೊಡು ಇತ್ಲಾಗೆ, ನಾನೂ ಒಂದು ಕೈ ನೋಡ್ತೀನಿ" ಎಂದು ಗಂಡನ ಪಿಸ್ತೂಲು ಕಿತ್ತುಕೊಂಡಳು. ಆಮೇಲೆ ತಾಯಿಸ್ತೊ ಗುರಿಯ ಕಾಗದ ಬಿಚ್ಚಿ ತಂದು ನೋಡಿದರೆ ತೂತುಗಳೆಲ್ಲ ನಟ್ಟನಡುವೆ.

"ಇನ್ಮೇಲೆ ಕಾಫಿ ನಾನೇ ಕಾಸ್ತೀನಿ ಬಿಡು," ಎಂದ. ಮಾತಿಗೆ ತಪ್ಪಲಿಲ್ಲ.

ವಾರದ ಉಳಿದ ದಿನ ಅವಳು ಊರಿನ ಕಾಗದದ ಕಾರ್ಖಾನೆಯಲ್ಲಿ ಎಂಜಿನಿಯರ್. ಮನೆಯುದ್ದದ ಉರುಳೆಗಳಲ್ಲಿ ಒಂದು ನಡುಗಿದರೂ ಕಾಗದ ಹರಿದುಹೋಗುತ್ತದೆ. ಯಾವುದು, ಯಾಕೆ ನಡುಗುತ್ತಿದೆ ಎಂದು ಕಂಡುಹಿಡಿಯುವುದು ಅವಳ ಕೆಲಸ. "ಯಂತ್ರದ ನಾಡಿ ನೋಡೋ ಡಾಕ್ಟ್ರಮ್ಮ ಬಂದ್ರು" ಎಂದು ಆರಂಭದಲ್ಲಿ ಕಿಸಕ್ಕೆನ್ನುತ್ತಿದ್ದವರೇ ಆಮೇಲೆ ಸಣ್ಣ ಗುಂಯ್‌ಗುಟ್ಟುವಿಕೆಗೂ ಅವಳ ಬಾಗಿಲು ತಟ್ಟತೊಡಗಿದರು.

ಪಿಸ್ತೂಲು ಹೊಡೆಯುವ ರಾಷ್ಟ್ರೀಯ ಸ್ಪರ್ಧೆಯಲ್ಲಿ ಮಾತ್ರ ಅವಳಿಗೆ ವರ್ಷ ವರ್ಷವೂ ಎರಡನೇ ಸ್ಥಾನ. ಮೊದಲನೆಯದು ಲಪ್ಪೆನ್ರಾಂತ ಊರಿನ ವ್ಯಾಯಾಮದ ಟೀಚರು ಇರ್ಯಾ ಪುಲ್ಕಿನೆನ್‌ಳದು. "ಆ ಎರಡನೇ ಮೆಟ್ಟಿಲು ನಿನ್ನ ಕಾಲಿಗೇ ಅಳತೆ ಕೊಟ್ಟು ಮಾಡ್ಸಿದಂಗಿದೆ ಕಣೇ" ಎಂದು ಇರ್ಯಾ ಕೆಣಕುವಳು.

ಆ ಬೇಸಿಗೆಯ ಸ್ಪರ್ಧೆಯಲ್ಲಿ ಬೆಳಗಿನ, ನಿಧಾನವಾಗಿ ಗುರಿಯಿಟ್ಟು ಹೊಡೆಯುವ ಸುತ್ತು ಮುಗಿದಾಗ ಇಬ್ಬರೂ ಸಮ ಸಮ. ಮಧ್ಯಾಹ್ನ ತಾಯಿಸ್ತೊ ತಂದಿದ್ದ ಮೀನು ತುಂಬಿದ ರೈ ಧಾನ್ಯದ ರೊಟ್ಟಿಯನ್ನು ತೆಲ್ಲೆರ್ವೊ ಗಬಗಬ ತಿಂದಳು. ಹಿಡಿಯಿತು ನೋಡಿ ಬಿಕ್ಕಳಿಕೆ! ನೀರು ಕುಡಿದಳು, ಸಕ್ಕರೆ ನುಂಗಿದಳು. ಹೆದರಿಸಿದರೆ ನಿಲ್ಲುತ್ತದೆಂದು ತಾಯಿಸ್ತೊ ಹಿಂದಿನಿಂದ "ಭೋ!" ಎಂದ. ಪಕ್ಕದಲ್ಲಿದ್ದ ತೀರ್ಪುಗಾರರು ಬೆಚ್ಚಿ ಕಾಫಿ ಚೆಲ್ಲಿಕೊಂಡರು. ಬಿಕ್ಕಳಿಕೆ ಕದಲಲಿಲ್ಲ.

ಮಧ್ಯಾಹ್ನದ ಸುತ್ತಿನಲ್ಲಿ ಗುರಿಹಲಗೆ ಮೂರು ಸೆಕೆಂಡು ಮುಖ ತೋರಿಸಿ ಏಳು ಸೆಕೆಂಡು ತಿರುಗಿಕೊಳ್ಳುತ್ತದೆ. ಮುಖ ತೋರಿದಾಗಲೇ ಹೊಡೆಯಬೇಕು. ಅದು ಮುಖ ತೋರಿದ್ದೂ ಇವಳು ಬಿಕ್ಕಳಿಸಿದ್ದೂ ಒಟ್ಟಿಗೇ ಆಗಿ ಮೊದಲ ಗುಂಡು ಅಂಚಿಗೆ ಬಿತ್ತು. ಎರಡನೆಯದೂ ಅದೇ ಪಾಡು. ತೆಲ್ಲೆರ್ವೊಗೆ ಅಳು ಬರುವಂತಾಯಿತು. ಆಮೇಲೆ ಒಳಗಿನ ಎಂಜಿನಿಯರ್ ತಲೆಯೆತ್ತಿದಳು: ಉರುಳೆಯ ನಡುಕದ ಹಾಗೆ ಈ ಬಿಕ್ಕಳಿಕೆಗೂ ಒಂದು ಲಯ ಇದೆಯಲ್ಲ? ಎಂಜಲು ನುಂಗಿದರೆ ಬಿಕ್ಕಳಿಕೆ ತುಸು ತಡವಾಗುವುದನ್ನು ಅವಳು ಆಗಲೇ ಗಮನಿಸಿದ್ದಳು. ಹಲಗೆ ಮುಖ ತೋರುವ ಮುಂಚೆ ಗುಟುಕ್ಕನೆ ನುಂಗಿದಳು, ಹೊಡೆದಳು, ಹಲಗೆ ಮುಖ ತಿರುಗಿಸಿಕೊಂಡ ಮೇಲೆ "ಹಿಕ್!" ಎಂದಳು. ನಟ್ಟನಡುವಿಗೆ ಬಿದ್ದಿತ್ತು. ನುಂಗು, ಹೊಡೆ, ಹಿಕ್. ನೋಡುವವರೂ ಬಾಯಿ ಮುಚ್ಚಿಕೊಂಡು ಆ ತಾಳಕ್ಕೆ ತಲೆಯಾಡಿಸತೊಡಗಿದರು. ನಗು ತಡೆಯಲಾಗದೆ ಹೊರಗೆ ಓಡಿದವನೆಂದರೆ ತಾಯಿಸ್ತೊ ಒಬ್ಬನೇ.

ಒಂದೇ ಒಂದು ಅಂಕದಿಂದ ತೆಲ್ಲೆರ್ವೊ ಗೆದ್ದಳು. ಇರ್ಯಾ ಸೊಂಟಕ್ಕೆ ಕೈಯಿಟ್ಟು ಮುಂದೆ ನಿಂತಳು. "ಇಷ್ಟು ವರ್ಷ ಉಸಿರು ಹಿಡಿಯೋದು ಕಲಿತು ಕಲಿತು ನಾನು ಸಾಯ್ತಿದ್ದೆ. ನೀನು ಬಿಕ್ಕಳಿಸಿ ಗೆದ್ಯಲ್ಲೇ, ಮಾರಾಯ್ತಿ!"

"ಬೇಜಾರಾಯ್ತಾ... ಹಿಕ್... ನಿಂಗೆ?"

"ಆಗ್ದೆ ಏನು? ಸಂಜೆ ಸೌನಾಕ್ಕೆ ಬಾ, ಬೆವರಿಳಿಸ್ತೀನಿ ನಿಂಗೆ."

ಸಂಜೆ ಇಬ್ಬರೂ ಸರೋವರದ ದಡದ ಸೌನಾ ಎಂಬ ಬಿಸಿಹಬೆಯ ಸ್ನಾನದ ಕೋಣೆಯಲ್ಲಿ ಮೊದಲು ಎದ್ದು ಹೋದವರು ಸೋತಂತೆ ಎಂದು ಪಂತ ಕಟ್ಟಿ ಕೂತರು. ಒಲೆಯ ಕಲ್ಲಿಗೆ ಇರ್ಯಾ ಚೊಂಬು ಚೊಂಬು ನೀರು ಸುರಿದಳು. ಯಾರೂ ಏಳಲಿಲ್ಲ. ಕೊನೆಗೆ ಹೆಂಡತಿಗೆ ಏನಾಯಿತೋ ಎಂದು ತಾಯಿಸ್ತೊ ಬಾಗಿಲು ಬಡಿದಾಗ ಕೆಂಪಗೆ ಬೆಂದ ಇಬ್ಬರು ಚಾಂಪಿಯನ್ನರೂ ಒಟ್ಟಿಗೇ ಹೊರಗೋಡಿ ನೀರಿಗೆ ಹಾರಿದರು.